ಮುಳುಗಿದ ಗಂಟೆಗೂ ಪಿಟ್ ಪೋನಿಗೂ ಜಗಳ

"ಮೇಡಂ, ಈ ವೈರ್ ಯಾವುದು? ಕಿತ್ತು ಹಾಕಬಹುದಾ?"

ಹೋದ ಭಾನುವಾರ ಬೆಳಿಗ್ಗೆ ಪಕ್ಕದ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಕೇಳಿದರು. ನಮ್ಮ ಕಿಟಕಿಯಿಂದ ಹೊರಟು, ಕಾಂಪೌಂಡ್ ಗೋಡೆ ದಾಟಿ, ಅವರ ಹಾಲಿನ ಕಿಟಕಿಯೊಳಗೆ ನುಗ್ಗಿದ್ದ ನೀಲಿ ಕೇಬಲ್. ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಒಂದು ಕಡೆ ಹಕ್ಕಿ ಕುಕ್ಕಿತ್ತು.

"ಕೀಳಿ, ಪರವಾಗಿಲ್ಲ. ಅದರಲ್ಲಿ ಈಗ ಏನೂ ಬರಲ್ಲ" ಅಂದೆ.

ಅಂದೆನೇ ಹೊರತು, ಅಡುಗೆಮನೆಗೆ ಬಂದು ಸುಮ್ಮನೆ ನಿಂತುಬಿಟ್ಟೆ. ಆ ವೈರಿನಲ್ಲಿ ಒಂದು ಯುದ್ಧವೇ ಹರಿದಿತ್ತು. ಯುದ್ಧ ವೇಲ್ಸ್ ದೇಶದ್ದು. ರಣರಂಗ ನೈರೋಬಿಯ ಸೌತ್ ಸಿ ಬಡಾವಣೆ. ಇಂಟರ್ನೆಟ್ ಮಾತ್ರ ಮೈಸೂರಿನವರದು, ಅಂದರೆ ನಮ್ಮದು!

ಪಕ್ಕದ ಮನೆಯಲ್ಲಿ ಎಮ್ರಿಸ್ ಇದ್ದರು. ಅರವತ್ತು ದಾಟಿದ ವೇಲ್ಷ್ ಮನುಷ್ಯ. ಕೆನ್ಯಾದ ಒಣಭೂಮಿಯಲ್ಲಿ ಬೋರ್‌ವೆಲ್ ತೋಡಿಸಲು ಬಂದ ಎಂಜಿನಿಯರ್ ಇಲ್ಲೇ ಉಳಿದುಬಿಟ್ಟಿದ್ದರು. ಹೆಂಡತಿ ಅಚಿಯೆಂಗ್ ಇಲ್ಲಿಯವರೇ, ಪಶ್ಚಿಮದ ದೊಡ್ಡ ಸರೋವರದ ಕಡೆಯವರು, ನರ್ಸು. ಊರಿನ ಇನ್ನೊಂದು ತುದಿಯ ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ. ಮಕ್ಕಳಿರಲಿಲ್ಲ. ಎಮ್ರಿಸ್‌ಗೆ ಇದ್ದದ್ದು ಒಂದು ಬ್ಲಾಗು.

ಬ್ಲಾಗ್ ಅಂದರೆ ಆಗ ಏನು ಸಂಭ್ರಮ! ನೆನಪಿದೆಯಲ್ಲ? ಪೇಜು ಮೇಲಿಂದ ಕೆಳಕ್ಕೆ ನಿಧಾನವಾಗಿ, ಸೀರೆ ಬಿಚ್ಚಿ ತೋರಿಸಿದ ಹಾಗೆ ತೆರೆದುಕೊಳ್ಳುತ್ತಿತ್ತು. ಒಂದು ಕಾಮೆಂಟ್ ಬಂದರೆ ಮನೆಯವರಿಗೆಲ್ಲ ಕರೆದು ತೋರಿಸುತ್ತಿದ್ದೆವು. (ನನ್ನ ಬ್ಲಾಗಿಗೆ ಬಂದ ಮೊದಲ ಕಾಮೆಂಟು ನನ್ನ ಗಂಡ ರಘು ಬರೆದದ್ದು. 'ಸೂಪರ್' ಅಂತ. ಬೇರೆ ಹೆಸರಿನಲ್ಲಿ.)

ರಘು ಟೆಲಿಕಾಂ ಕಂಪನಿಯ ನೆಟ್‌ವರ್ಕ್ ಎಂಜಿನಿಯರ್. ಮನೆಗೆ ಆಫೀಸಿನ ಕನೆಕ್ಷನ್ ಇತ್ತು, ಕರೆಂಟ್ ಹೋದರೆ ಇನ್ವರ್ಟರ್ ಇತ್ತು. ಎಮ್ರಿಸ್ ಒಂದು ದಿನ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಬಂದರು. ಅರ್ಜೆಂಟಾಗಿ ಒಬ್ಬನಿಗೆ ಉತ್ತರ ಕೊಡಬೇಕಿತ್ತಂತೆ. ನಮ್ಮ ಡೈನಿಂಗ್ ಟೇಬಲ್ಲಿನಲ್ಲಿ ಕೂತು, ನಾನು ಕೊಟ್ಟ ಉಪ್ಪಿಟ್ಟು ತಿನ್ನುತ್ತಾ, ಯಾರನ್ನೋ 'ಲಂಡನ್ ಸಾಕಿದ ನಾಯಿಮರಿ' ಎಂದು ಟೈಪ್ ಮಾಡಿದರು. ಆಮೇಲೆ ತಟ್ಟೆ ತೊಳೆದಿಟ್ಟು, "ಅಸಾಂಟೆ, ಮಾಲತಿ" ಎಂದು ಥ್ಯಾಂಕ್ಸ್ ಹೇಳಿ ಹೋದರು.

ಇದು ವಾರಕ್ಕೆರಡು ಸಲ ಆಯಿತು. ಮೂರಾಯಿತು. ಕೊನೆಗೆ ರಘು ಗೋಡೆ ಮೇಲೆ ವೈರ್ ಎಳೆದುಕೊಟ್ಟ.

ಅವರ ಬ್ಲಾಗಿನ ಹೆಸರು 'ಮುಳುಗಿದ ಗಂಟೆ'. ಇಂಗ್ಲೆಂಡಿನ ಒಂದು ನಗರಕ್ಕೆ ನೀರು ಕೊಡಲು ವೇಲ್ಸಿನ ಒಂದು ಕಣಿವೆಯನ್ನೇ ಮುಳುಗಿಸಿದರಂತೆ. ಮನೆ, ಶಾಲೆ, ಚರ್ಚು ಎಲ್ಲ ನೀರಿನಡಿ. ಆಗ ಎಮ್ರಿಸ್ ಹುಡುಗ. ನೀರಿನ ಎಂಜಿನಿಯರ್ ಆದವರ ಎದೆಯಲ್ಲಿ ಆ ನೀರು ಇಳಿದೇ ಇರಲಿಲ್ಲ. ವೇಲ್ಸ್ ಸ್ವತಂತ್ರವಾಗಬೇಕು, ವೇಲ್ಷ್ ಭಾಷೆ ಉಳಿಯಬೇಕು. ಅದೇ ಅವರ ಹಾಡು, ಅದೇ ಪಾಡು.

ಎದುರಾಳಿಯ ಹೆಸರು 'ಪಿಟ್ ಪೋನಿ'. ಕಲ್ಲಿದ್ದಲ ಗಣಿಯೊಳಗೆ ಬಂಡಿ ಎಳೆಯುತ್ತಿದ್ದ ಗಿಡ್ಡ ಕುದುರೆಗಳಿಗೆ ಹಾಗೆನ್ನುತ್ತಿದ್ದರಂತೆ. ಅವನೂ ವೇಲ್ಷ್, ಆದರೆ ದಕ್ಷಿಣದ ಗಣಿ ಊರಿನವನು. ಅವನ ವಾದ ಬೇರೆ. 'ಗಣಿ ಮುಚ್ಚಿದಾಗ ಇಂಗ್ಲಿಷ್ ಕಾರ್ಮಿಕನೂ ವೇಲ್ಷ್ ಕಾರ್ಮಿಕನೂ ಒಂದೇ ಕ್ಯೂನಲ್ಲಿ ನಿಂತರು. ಅಲ್ಲಿ ನಿನ್ನ ಬಾವುಟ ಎಲ್ಲಿತ್ತು? ಬಾವುಟಕ್ಕೆ ಹಸಿವಾಗೋದಿಲ್ಲ, ಮನುಷ್ಯರಿಗೆ ಆಗುತ್ತೆ.' ಈ ಕೊನೆಯ ಸಾಲನ್ನು ಅವನು ಉಪ್ಪಿನಕಾಯಿಯ ಹಾಗೆ ಎಲ್ಲದಕ್ಕೂ ನೆಂಚಿಕೊಳ್ಳುತ್ತಿದ್ದ.

2007ರಲ್ಲಿ ಒಂದು ತಮಾಷೆಯಾಯಿತು. ಇವರಿಬ್ಬರ ಪಕ್ಷಗಳೂ ವೇಲ್ಸಿನಲ್ಲಿ ಕೈಜೋಡಿಸಿ ಸಮ್ಮಿಶ್ರ ಸರ್ಕಾರ ಮಾಡಿಕೊಂಡವು! ನಾಯಕರು ನಗುತ್ತಾ ಫೋಟೋ ತೆಗೆಸಿಕೊಂಡರು. ಇವರಿಬ್ಬರು ಮಾತ್ರ ಇನ್ನೂ ಜೋರಾಗಿ ಕಚ್ಚಾಡಿದರು. (ನಾನು ಕರ್ನಾಟಕದವಳು. ನನಗೇನೂ ಆಶ್ಚರ್ಯವಾಗಲಿಲ್ಲ.)

ಆದರೆ ಒಂದು ವಿಷಯ ರಘುವಿಗೆ ಹೊಳೆದಿತ್ತು. ನೈರೋಬಿಯಲ್ಲಿ ಇಂಟರ್ನೆಟ್ ಕೆಟ್ಟಾಗಲೆಲ್ಲ ಪಿಟ್ ಪೋನಿಯೂ ಮೌನವಾಗುತ್ತಿದ್ದ.

"ಸರ್, ಅವನೂ ಈ ಊರಲ್ಲೇ ಇರಬೇಕು" ಅಂದ.

ಎಮ್ರಿಸ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವನಾ? ಲಂಡನ್ನಿನ ಬಾಲ ಬಿಟ್ಟು ಆಫ್ರಿಕಾಕ್ಕೆ ಬರೋ ಧೈರ್ಯ ಅವನಿಗೆಲ್ಲಿದೆ?"

ನವೆಂಬರ್ ಬಂತು. ನಮ್ಮ ರಾಜ್ಯೋತ್ಸವ. ನ್ಗಾರಾದ ಒಂದು ಹಾಲಿನಲ್ಲಿ ಪುಳಿಯೋಗರೆ, ಕೇಸರಿಬಾತ್, ಭಾಷಣ. ಭಾಷೆಯ ಬಗ್ಗೆ ಮಾತಾಡಲು ಎಮ್ರಿಸ್‌ಗಿಂತ ಒಳ್ಳೆಯ ಅತಿಥಿ ಬೇಕೇ? ನಾನು ಕರೆದೆ. ಔಷಧಿ ಫ್ಯಾಕ್ಟರಿಯ ಮ್ಯಾನೇಜರ್, ಮಂಗಳೂರಿನ ಶೆಣೈ, ತಮ್ಮ ಕಡೆಯಿಂದ ಇನ್ನೊಬ್ಬ ಅತಿಥಿಯನ್ನು ಕರೆತಂದಿದ್ದರು. ಅವರ ಮಗಳಿಗೆ ಹಿಸ್ಟರಿ ಕಲಿಸುವ ಮೇಷ್ಟ್ರು, ಗ್ಲಿನ್. ಊರಿನ ಆಚೆ ತುದಿಯ ಮುಥೈಗಾ ಬಡಾವಣೆಯಲ್ಲಿ ಯಾವುದೋ ರಾಯಭಾರಿಯ ಬಂಗಲೆಯ ಹಿತ್ತಿಲಿನ ಪುಟ್ಟ ಮನೆಯಲ್ಲಿ ಬಾಡಿಗೆಗಿದ್ದ, ಐವತ್ತರ ಆಸುಪಾಸಿನ ಒಂಟಿ ಮನುಷ್ಯ.

"ಇಬ್ಬರೂ ವೇಲ್ಸ್‌ನವರಂತೆ ಮಾರಾಯ್ರೆ! ಎಂಥ ಜೋಡಿ ಸಿಕ್ಕಿತು ನೋಡಿ" ಎಂದು ಶೆಣೈ ಹಿಗ್ಗಿದರು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಒಂದೇ ಥರದ ಹಾರ ಹಾಕಿದರು.

ಎಮ್ರಿಸ್ "ಎಲ್ಲರಿಗೂ ನಮಸ್ಕಾರ" ಎಂದು ಕನ್ನಡದಲ್ಲೇ ಶುರುಮಾಡಿ ಚಪ್ಪಾಳೆ ಗಿಟ್ಟಿಸಿದರು. ತಾಯ್ನುಡಿ ಸತ್ತರೆ ಅಜ್ಜಿ ಎರಡನೇ ಸಲ ಸತ್ತ ಹಾಗೆ ಅಂದರು. ನಮ್ಮ ಹೆಂಗಸರು ಕಣ್ಣೊರೆಸಿಕೊಂಡರು. (ನಮ್ಮ ಮಕ್ಕಳು ಹೊರಗೆ ಇಂಗ್ಲಿಷಿನಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು.)

ಆಮೇಲೆ ಗ್ಲಿನ್ ಎದ್ದರು. ಮೆಲುದನಿ.

"ಬರುವಾಗ ಬಾಗಿಲಲ್ಲಿ ಒಂದು ವಾದ ಕೇಳಿಸ್ತು. ತುಳು ಹಾಡು ಇರಬೇಕಾ ಬೇಡವಾ ಅಂತ, ಶೆಣೈ ಹೇಳಿದ್ರು. ನಿಮ್ಮ ಭಾಷೆ ಬಗ್ಗೆ ನನಗೆ ಗೌರವ ಇದೆ. ಆದ್ರೆ ಬಾವುಟ ನೆಟ್ಟ ಕೂಡಲೇ ಬೇಲಿ ಹಾಕೋದಕ್ಕೂ ಯಾರೋ ಬರ್ತಾರೆ. ನೆನಪಿರಲಿ, ಬಾವುಟಕ್ಕೆ ಹಸಿವಾಗೋದಿಲ್ಲ..."

"ಮನುಷ್ಯರಿಗೆ ಆಗುತ್ತೆ!" ಎಮ್ರಿಸ್ ಕುರ್ಚಿಯಿಂದ ಎದ್ದಿದ್ದರು. ಮುಖ ಕೆಂಪು. "ನೀನಾ? ನೀನೇನಾ?"

ಗ್ಲಿನ್ ಅವರನ್ನೇ ನೋಡಿದರು. ಆಮೇಲೆ ನಿಧಾನವಾಗಿ, "ಅಯ್ಯೋ ದೇವರೇ. ಗಂಟೆ!" ಅಂದರು.

ಸಭೆಗೆ ಏನೂ ಅರ್ಥವಾಗಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಶೆಣೈ ಮೈಕ್ ಹಿಡಿದು, "ಇಬ್ಬರು ಹಳೆಯ ಸ್ನೇಹಿತರ ಮಿಲನ!" ಎಂದು ಘೋಷಿಸಿಬಿಟ್ಟರು. ಎಮ್ರಿಸ್ ಹಾರ ತೆಗೆದು ಮೇಜಿನ ಮೇಲಿಟ್ಟು, ಊಟ ಮಾಡದೆ ಹೊರಟುಹೋದರು.

ನಗುವ ಭಾಗ ಇಲ್ಲಿಗೆ ಮುಗಿಯಿತು.

ಮರುದಿನ ಪಿಟ್ ಪೋನಿ ಬರೆದ: 'ಒಂದು ನಾಡಿಗೆಲ್ಲ ಭಾಷೆಯ ಪಾಠ ಹೇಳುವ ಮಹಾಶಯ ಆ ನಾಡಲ್ಲೇ ಇಲ್ಲ. ಹೆಂಡತಿ ಜೊತೆ ಮಾತಾಡುವುದು ಇಂಗ್ಲಿಷಿನಲ್ಲಿ. ಮನೆಯ ಚಹಾ ಇಂಗ್ಲಿಷ್, ಮಲಗುವ ಕೋಣೆ ಇಂಗ್ಲಿಷ್. ವೇಲ್ಷ್ ಇರುವುದು ಬ್ಲಾಗಿನಲ್ಲಿ ಮಾತ್ರ.'

ಇದು ಬೆಲ್ಟಿನ ಕೆಳಗಿನ ಏಟು. ಎಮ್ರಿಸ್ ತಿರುಗಿ ಕೊಟ್ಟದ್ದು ಅದಕ್ಕಿಂತ ಕೆಳಗೆ. ಪಿಟ್ ಪೋನಿಯ ನಿಜವಾದ ಹೆಸರು, ಅವನು ಕಲಿಸುವ ಶಾಲೆಯ ಹೆಸರು, ಎರಡನ್ನೂ ಬ್ಲಾಗಿಗೆ ಹಾಕಿದರು. 'ಸ್ವಂತ ಅಜ್ಜಿಯ ಮಾತು ಬಾರದವನು ನಿಮ್ಮ ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದಾನೆ' ಅಂದರು.

ಅಚಿಯೆಂಗ್ ಗೋಡೆಯಾಚೆ ಬೈಯುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು. "ಹೊಟ್ಟೆಪಾಡಿಗೆ ಕೈ ಹಾಕಿದೆಯಲ್ಲ ಮುದುಕಾ! ಮಾತಿಗೆ ಮಾತು ಅನ್ನು. ಅನ್ನಕ್ಕೆ ಯಾಕೆ ಕೈ ಹಾಕಿದೆ?"

ಶಾಲೆಯವರು ಗ್ಲಿನ್‌ರನ್ನು ಕರೆಸಿದರು. ಇಂಥ ಜಗಳದಲ್ಲಿ ಶಾಲೆಯ ಹೆಸರು ಬರಕೂಡದು ಅಂದರು. ಕ್ರಿಸ್‌ಮಸ್ ರಜಕ್ಕೆ ಮುಂಚೆ ಗ್ಲಿನ್ ಬ್ಲಾಗ್ ಮುಚ್ಚಿಬಿಟ್ಟರು. ಕೊನೆಯ ಪೋಸ್ಟಿನಲ್ಲಿ ಒಂದೇ ಸಾಲು: 'ಕುದುರೆ ಗಣಿಯಿಂದ ಹೊರಬಂತು.'

ಗೆದ್ದೆ ಎಂದು ಎಮ್ರಿಸ್ ಎಲ್ಲೂ ಹೇಳಲಿಲ್ಲ. ನಮ್ಮ ಮನೆಗೆ ಬರುವುದೂ ಕಡಿಮೆಯಾಯಿತು.

ಅಷ್ಟರಲ್ಲಿ ಕೆನ್ಯಾದಲ್ಲೂ ಚುನಾವಣೆ. 2007ರ ಕೊನೆ. ಫಲಿತಾಂಶ ಬಂತು, ಊರು ಹೊತ್ತಿಕೊಂಡಿತು. ಆ ದಿನಗಳನ್ನು ಇಲ್ಲಿದ್ದವರು ಯಾರೂ ಮರೆಯುವುದಿಲ್ಲ. ನಿನ್ನೆವರೆಗೆ ಒಂದೇ ಮಟಾಟು ವ್ಯಾನಿನಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ಹೋಗುತ್ತಿದ್ದವರು ಈಗ ರಸ್ತೆಗೆ ಕಲ್ಲು ಅಡ್ಡ ಇಟ್ಟು, "ನಿನ್ನ ಹೆಸರೇನು?" ಎಂದು ಕೇಳುತ್ತಿದ್ದರು. ಇಲ್ಲಿ ಹೆಸರು ಹೇಳಿದರೆ ಜನಾಂಗ ಗೊತ್ತಾಗುತ್ತದೆ. ಜನಾಂಗ ಗೊತ್ತಾದರೆ ಯಾರಿಗೆ ವೋಟು ಹಾಕಿದೆ ಎಂದು ಅವರೇ ತೀರ್ಮಾನಿಸುತ್ತಿದ್ದರು.

ಅಂಥ ಒಂದು ದಿನ ಅಚಿಯೆಂಗ್ ಡ್ಯೂಟಿಯಲ್ಲಿದ್ದರು. ಅವರ ಕ್ಲಿನಿಕ್ ಇದ್ದದ್ದು ಮುಥೈಗಾದ ಕೆಳಗಿನ ಬಡವರ ಬಡಾವಣೆಯಲ್ಲಿ. ಸುತ್ತಲೂ ಹೊಗೆ. ಅವರ ಕಡೆಯ ಜನ ಅಲ್ಲಿ ಕಡಿಮೆ.

ಮಧ್ಯಾಹ್ನ ಎಮ್ರಿಸ್ ನಮ್ಮ ಬಾಗಿಲಿಗೆ ಬಂದರು. ಚಪ್ಪಲಿ ಹಾಕಿರಲಿಲ್ಲ.

"ಅಚಿಯೆಂಗ್ ಫೋನ್ ಮಾಡಿದ್ಲು. ಹಿಂದಿನ ಬೀದಿಗೆ ಬೆಂಕಿ ಬಿದ್ದಿದೆಯಂತೆ. ನಾನು ಹೊರಟಿದ್ದೆ, ಇಲ್ಲೇ ಮೊಂಬಾಸಾ ರೋಡಿನಿಂದಲೇ ಪೊಲೀಸರು ವಾಪಸ್ ಕಳಿಸಿದ್ರು."

ರಘು ಗೊತ್ತಿರುವವರಿಗೆಲ್ಲ ಫೋನ್ ಹಚ್ಚಿದ. ಯಾರೂ ಆ ಕಡೆ ಇಲ್ಲ. ನಮ್ಮವರೆಲ್ಲ ಊರಿನ ಈ ಬದಿಯಲ್ಲೇ. ಕೊನೆಗೆ ನಾನೇ ಅಂದೆ: "ಮುಥೈಗಾದಲ್ಲಿ ನಮಗೆ ಗೊತ್ತಿರೋರು ಒಬ್ಬರೇ."

ಶೆಣೈರಿಂದ ನಂಬರ್ ತೆಗೆದುಕೊಂಡು, ಡಯಲ್ ಮಾಡಿ, ಫೋನನ್ನು ನಾನೇ ಎಮ್ರಿಸ್ ಕೈಗಿಟ್ಟೆ. ಸ್ಪೀಕರ್ ಹಾಕಿದ್ದೆ.

ಗ್ಲಿನ್ "ಹಲೋ" ಅಂದ ಕೂಡಲೇ ಎಮ್ರಿಸ್ ಬಾಯಿಂದ ಗಡಗಡ ಮಾತು ಹೊರಟಿತು. ನನಗೊಂದು ಅಕ್ಷರ ತಿಳಿಯಲಿಲ್ಲ. ಅದು ವೇಲ್ಷ್ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೆದರಿದ ಮನುಷ್ಯ ತನ್ನ ತಾಯಿಯ ಮಾತಿನಲ್ಲಿ ಬೇಡುತ್ತಿದ್ದ.

ಆಮೇಲೆ ಗ್ಲಿನ್ ದನಿ, ಗಡುಸಾಗಿರಲಿಲ್ಲ: "ನನಗೆ ವೇಲ್ಷ್ ಬರಲ್ಲ ಕಣಯ್ಯಾ. ನೀನೇ ಬರೆದಿದ್ದೀಯಲ್ಲ. ಇಂಗ್ಲಿಷಲ್ಲಿ ಹೇಳು, ಏನಾಯ್ತು?"

ಎಮ್ರಿಸ್ ಇಂಗ್ಲಿಷಿನಲ್ಲಿ ಹೇಳಿದರು. 'ಪ್ಲೀಸ್' ಎಂಬ ಪದ ಎಷ್ಟು ಸಲ ಬಂತೋ.

"ಕ್ಲಿನಿಕ್ ಬಾಗಿಲಿನ ಬಣ್ಣ ಯಾವುದು?" ಗ್ಲಿನ್ ಕೇಳಿದ್ದು ಇಷ್ಟೇ. "ಹಸಿರು" ಅಂದರು ಎಮ್ರಿಸ್. ಫೋನ್ ಕಟ್ಟಾಯಿತು.

ಮುಂದಿನದನ್ನು ಅಚಿಯೆಂಗ್ ನನಗೆ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲವೂ ಅದೇ ಜಾಗದಲ್ಲಿ ನಕ್ಕು, ಅದೇ ಜಾಗದಲ್ಲಿ ಸುಮ್ಮನಾಗುತ್ತಿದ್ದರು.

ಗ್ಲಿನ್ ತಮ್ಮ ಹಳೇ ಸಣ್ಣ ಕಾರಿನಲ್ಲಿ ಕ್ಲಿನಿಕ್ಕಿಗೆ ಬಂದರು. ಅಚಿಯೆಂಗ್ ನರ್ಸ್ ಕೋಟು ಬಿಚ್ಚಿಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಮುಂದಿನ ಸೀಟಿನಲ್ಲಿ ಕೂತರು. ಮುಖ್ಯರಸ್ತೆ ಸೇರುವ ಮೊದಲೇ ಅಡ್ಡಗಟ್ಟೆ. ಹುಡುಗರು. ಕೈಯಲ್ಲಿ ಮಚ್ಚು. ಗ್ಲಿನ್‌ರನ್ನು ಯಾರೂ ನೋಡಲಿಲ್ಲ. ಒಬ್ಬ ಅಚಿಯೆಂಗ್ ಕಡೆಯ ಗಾಜು ತಟ್ಟಿ ತನ್ನ ಭಾಷೆಯಲ್ಲಿ ಏನೋ ಕೇಳಿದ.

ಉತ್ತರ ಕೊಟ್ಟರೆ ಉಚ್ಚಾರಣೆ ತಪ್ಪುತ್ತದೆ. ಕೊಡದಿದ್ದರೆ ಇನ್ನೂ ಅಪಾಯ. ಸ್ವಾಹಿಲಿ ಆಡಿದರೂ ಯಾವ ಕಡೆಯ ಸ್ವಾಹಿಲಿ ಎಂದು ಅವರಿಗೆ ಗೊತ್ತಾಗುತ್ತದೆ.

"ನನ್ನ ಹೆಂಡತಿ" ಅಂದರು ಗ್ಲಿನ್. "ಇಲ್ಲಿಯವಳಲ್ಲ. ವೇಲ್ಸ್‌ನವಳು. ಅಲ್ಲೂ ಕಪ್ಪು ಜನ ಇದ್ದಾರೆ. ಇಲ್ಲಿನ ಯಾವ ಭಾಷೆಯೂ ಬರಲ್ಲ."

"ಹಾಗಾದ್ರೆ ಅವಳ ಭಾಷೆ ಆಡಲಿ" ಅಂದ ಹುಡುಗ.

ಅಚಿಯೆಂಗ್ ಗ್ಲಿನ್ ಕಡೆ ತಿರುಗಿದರು. ಮನೆಯಲ್ಲಿ ಗಂಡ ಗೊಣಗುತ್ತಿದ್ದ ವೇಲ್ಷ್ ಎಷ್ಟು ಕಿವಿಗೆ ಬಿದ್ದಿತ್ತೋ ಅಷ್ಟನ್ನೂ ಜೋಡಿಸಿ ಶುರುಮಾಡಿದರು. ಬಾಗಿಲು ಹಾಕು, ಚಳಿ ಬರುತ್ತೆ. ನನ್ನ ಕನ್ನಡಕ ಎಲ್ಲಿ? ಈ ಬೆಕ್ಕಿಗೆ ಬುದ್ಧಿ ಇಲ್ಲ. ಹೆಂಡತಿ ಗಂಡನನ್ನು ಬೈಯುವ ಧಾಟಿಯಲ್ಲೇ! ಗ್ಲಿನ್‌ಗೆ ಒಂದೂ ತಿಳಿಯದಿದ್ದರೂ ಬೈಸಿಕೊಂಡ ಗಂಡನ ಹಾಗೆ ತಲೆಯಾಡಿಸಿದರು. ಕೊನೆಗೆ ಅಚಿಯೆಂಗ್ ಹತ್ತಿರ ಮಾತೇ ಮುಗಿಯಿತು. ಉಳಿದಿದ್ದು ಒಂದೇ.

"ಪಾನೆಡ್?" ಅಂದರು. ಒಂದು ಕಪ್ ಟೀ ಬೇಕಾ ಎಂದು.

ಗ್ಲಿನ್ ಅವರನ್ನೇ ದಿಟ್ಟಿಸಿದರಂತೆ. ಆಮೇಲೆ, ಎಲ್ಲಿಂದಲೋ, "ಪಾನೆಡ್ ಅಲ್ಲ. ಡಿಶ್‌ಗ್ಲೆಡ್" ಅಂದರು. "ಡಿಶ್‌ಗ್ಲೆಡ್ ಓ ಡೇ."

ಇಬ್ಬರೂ ಒಂದು ಕಪ್ ಚಹಾಕ್ಕೆ ಜಗಳವಾಡುತ್ತಿರುವಂತೆ ಕಂಡಿರಬೇಕು. ಹುಡುಗರು ನಕ್ಕುಬಿಟ್ಟರು. ಗಂಡ-ಹೆಂಡತಿ ಜಗಳಕ್ಕೆ ತರ್ಜುಮೆ ಬೇಕೇ? ಒಬ್ಬ ಕಲ್ಲು ಸರಿಸಿದ. "ಸವಾ, ಸರಿ, ಹೋಗಿ" ಅಂದ.

ಮುಥೈಗಾದ ಮನೆ ತಲುಪಿ, ಗೇಟ್ ಹಾಕಿಕೊಂಡು, ಗ್ಲಿನ್ ಕೆಟಲ್ ಒಲೆ ಮೇಲಿಟ್ಟರು. ಅದರ ಮುಂದೆಯೇ ನಿಂತು ಅಳಲು ಶುರುಮಾಡಿದರು. ಅಚಿಯೆಂಗ್ ಭಯಕ್ಕಿರಬೇಕು ಅಂದುಕೊಂಡರು. ಅಲ್ಲ. ಉತ್ತರದ ವೇಲ್ಸಿನವರು ಪಾನೆಡ್ ಅನ್ನುತ್ತಾರೆ, ದಕ್ಷಿಣದವರು ಡಿಶ್‌ಗ್ಲೆಡ್. ಗ್ಲಿನ್‌ರ ಅಜ್ಜಿ ಒಲೆ ಪಕ್ಕ ಕೂತು ಹಾಗೆ ಕೇಳುತ್ತಿದ್ದಳಂತೆ. ಅವಳು ಮೊಮ್ಮಗನಿಗೆ ಬೇಕೆಂದೇ ವೇಲ್ಷ್ ಕಲಿಸಲಿಲ್ಲ. ಅವಳ ಅಮ್ಮನ ಕಾಲದಲ್ಲಿ ಶಾಲೆಯಲ್ಲಿ ವೇಲ್ಷ್ ಆಡಿದ ಮಕ್ಕಳ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಆ ಅವಮಾನ ಮೊಮ್ಮಗನಿಗೆ ಬೇಡ ಅಂದುಕೊಂಡಿದ್ದಳು. (ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಬಿಸಿಲಲ್ಲಿ ನಿಂತವರು ನಮ್ಮಲ್ಲಿ ಎಷ್ಟು ಜನರಿಲ್ಲ?) ಇಷ್ಟು ವರ್ಷ ಒಳಗೆಲ್ಲೋ ಮುದುಡಿ ಕೂತಿದ್ದ ಒಂದು ಪದ, ಮಚ್ಚಿನ ಮುಂದೆ ತಾನಾಗಿ ಎದ್ದು ಬಂದಿತ್ತು.

ರಸ್ತೆ ತಣ್ಣಗಾಗುವವರೆಗೆ ಅಚಿಯೆಂಗ್ ಅಲ್ಲೇ ಇದ್ದರು. ಬೇಸರ ಕಳೆಯಲು ತಮಗೆ ಬರುವ ವೇಲ್ಷ್ ಅನ್ನು ಗ್ಲಿನ್‌ಗೆ ಕಲಿಸಿದರು. ಸರೋವರದ ತೀರದ ಹೆಂಗಸು, ನೈರೋಬಿಯ ಗುಡ್ಡದ ಮೇಲೆ, ವೇಲ್ಸಿನವನಿಗೆ ವೇಲ್ಷ್ ಹೇಳಿಕೊಟ್ಟಳು! ಗ್ಲಿನ್ ಕಲಿತಷ್ಟನ್ನೂ ತಿದ್ದುತ್ತಿದ್ದರಂತೆ. "ನಿನ್ನ ಗಂಡನದು ಉತ್ತರದ ಉಚ್ಚಾರ. ನಮ್ಮ ಕಡೆ ಹೀಗಲ್ಲ."

ರಸ್ತೆ ತೆರೆದ ದಿನ ರಘು ಕಾರಿನಲ್ಲಿ ಎಮ್ರಿಸ್ ಮುಥೈಗಾಕ್ಕೆ ಹೋದರು. ನಾನೂ ಇದ್ದೆ. ಗೇಟಿನ ಬಳಿ ಅಚಿಯೆಂಗ್‌ರನ್ನು ಅಪ್ಪಿಕೊಂಡವರು ಬಿಡಲೇ ಇಲ್ಲ. ಆಮೇಲೆ ಗ್ಲಿನ್ ಎದುರು ನಿಂತರು.

"ನಿನ್ನ ಕೆಲಸಕ್ಕೆ ಕೈ ಹಾಕಿದೆ. ಅದು ತಪ್ಪು. ಶಾಲೆಯವರ ಹತ್ತಿರ ನಾನೇ ಹೋಗಿ ಹೇಳ್ತೀನಿ."

"ನಾನೂ ನಿನ್ನ ಮನೆಯೊಳಗೆ ಕೈ ಹಾಕಿದೆ" ಅಂದರು ಗ್ಲಿನ್. "ಮನೇಲಿ ಬರೀ ಇಂಗ್ಲಿಷ್ ಅಂತ ಬರೆದಿದ್ದೆ. ಅದು ಸುಳ್ಳು. ಇವಳು ನನಗಿಂತ ಚೆನ್ನಾಗಿ ಮಾತಾಡ್ತಾಳೆ. ಆದ್ರೆ ಒಂದು ಹೇಳ್ತೀನಿ ಕೇಳು. ನಿನ್ನ ರಾಜಕೀಯ ಇವತ್ತಿಗೂ ಶುದ್ಧ ಕಸ."

"ನಿನ್ನದು ಗೊಬ್ಬರ" ಅಂದರು ಎಮ್ರಿಸ್.

ಅಚಿಯೆಂಗ್ "ಟೀ ಆರಿಹೋಗುತ್ತೆ" ಎಂದು ಇಬ್ಬರನ್ನೂ ಒಳಗೆ ಎಳೆದುಕೊಂಡು ಹೋದರು.

ಎಮ್ರಿಸ್ ಹೇಳಿದ ಹಾಗೆ ಶಾಲೆಗೆ ಹೋದರು, ಆ ಪೋಸ್ಟನ್ನೂ ಅಳಿಸಿದರು. ಗ್ಲಿನ್ ಮಾತ್ರ ತಮ್ಮ ಬ್ಲಾಗನ್ನು ಮತ್ತೆ ತೆರೆಯಲಿಲ್ಲ. ಪಾಪ, ಎಮ್ರಿಸ್ ಒದ್ದಾಡಿಹೋದರು. ಬೈಯಲು ಆಳಿಲ್ಲದೆ ಬರೆಯಲು ಕೈ ಓಡುತ್ತಿರಲಿಲ್ಲ. ಕೊನೆಗೊಂದು ದಿನ ಗ್ಲಿನ್‌ಗೆ ಹೇಳಿದರು: "ನನ್ನ ಬ್ಲಾಗಲ್ಲೇ ಬರಿ. ನನ್ನ ವಿರುದ್ಧವೇ ಬರಿ. ಒಂದು ಅಕ್ಷರ ಮುಟ್ಟಲ್ಲ."

ಅಲ್ಲಿಂದ 'ಮುಳುಗಿದ ಗಂಟೆ'ಯಲ್ಲಿ ಸೋಮವಾರ ಎಮ್ರಿಸ್, ಗುರುವಾರ ಪಿಟ್ ಪೋನಿ. ಒಂದೇ ಮನೆಯೊಳಗೆ ಎರಡು ಒಲೆ. ವೇಲ್ಸಿನ ಓದುಗರು ಸಿಟ್ಟಾದರು. ಇವರ ಪಕ್ಷದವರು ಇವರನ್ನು, ಅವರ ಪಕ್ಷದವರು ಅವರನ್ನು ದ್ರೋಹಿ ಎಂದರು. ಇಬ್ಬರೂ ಆ ಕಾಮೆಂಟುಗಳನ್ನು ಶನಿವಾರ ನಮ್ಮ ಮನೆಯಲ್ಲಿ ಜೋರಾಗಿ ಓದಿಕೊಂಡು, ಯಾರಿಗೆ ಹೆಚ್ಚು ಬೈಗುಳ ಬಿದ್ದಿದೆ ಎಂದು ಪೈಪೋಟಿ ನಡೆಸುತ್ತಿದ್ದರು. ಎಮ್ರಿಸ್ ಮೇಜು ಗುದ್ದಿದರೆ ನನ್ನ ಚಟ್ನಿಪುಡಿ ಡಬ್ಬಿ ಕುಣಿಯುತ್ತಿತ್ತು. ಅಚಿಯೆಂಗ್ ಸೋಫಾದಲ್ಲಿ ಕಾಲು ಚಾಚಿ ನಿದ್ದೆ ಮಾಡುತ್ತಿದ್ದರು. ಎಂಥ ಶನಿವಾರಗಳವು!

ಈ ವರ್ಷ ಎಮ್ರಿಸ್‌ಗೆ ಎದೆಯ ತೊಂದರೆ ಶುರುವಾಯಿತು. ಅಕ್ಕನ ಮನೆ ಹತ್ತಿರ ಇರೋಣ ಎಂದು ಗಂಡಹೆಂಡತಿ ವೇಲ್ಸಿಗೆ ಹೋದರು. ಬ್ಲಾಗು ಮೆಲ್ಲಗೆ ನಿಂತಿತು. ಊರಿಗೆ ಈಗ ಸಮುದ್ರದಡಿಯ ಕೇಬಲ್ ಬಂದಿದೆ, ಪೇಜು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಎರಡೇ ಸಾಲಿನಲ್ಲಿ ಬೈದು ಓಡಿಹೋಗುವ ಹೊಸ ಜಾಗಗಳು ಹುಟ್ಟಿಕೊಂಡಿವೆ. ಪುಟಗಟ್ಟಲೆ, ವ್ಯಾಕರಣ ತಪ್ಪದೆ, ಅಡಿಟಿಪ್ಪಣಿ ಹಾಕಿ ಬೈಯುವಷ್ಟು ಪುರುಸೊತ್ತು ಈಗ ಯಾರಿಗಿದೆ?

ಗ್ಲಿನ್ ಈಗಲೂ ಬರುತ್ತಾರೆ. ಶನಿವಾರದ ಉಪ್ಪಿಟ್ಟಿಗೆ. ಮೊನ್ನೆ ಬಂದಾಗ, "ಇಲ್ಲಿ ಎಲ್ಲರೂ ನಾನು ಹೇಳಿದ್ದಕ್ಕೆ ಹೌದು ಹೌದು ಅಂತಾರೆ, ಮಾಲತಿ. ಭಾರಿ ಬೋರು" ಅಂದರು.

ನಮ್ಮ ಕನ್ನಡ ಬ್ಲಾಗುಗಳಲ್ಲೂ ಜಗಳ ಕಡಿಮೆಯೇನಿಲ್ಲ. ಎಡ, ಬಲ, ಕರಾವಳಿ, ಬಯಲು, ಆ ಕನ್ನಡ, ಈ ಕನ್ನಡ. ಆಗಲಿ ಬಿಡಿ, ಜಗಳ ಬೇಡ ಎನ್ನಲು ನಾನ್ಯಾರು? ನಿಮ್ಮಲ್ಲಿ ಕೇಳುವುದು ಒಂದೇ.

ನೀವು ದಿನಾ ಬೈಯುವವರಲ್ಲಿ, ಮನೆಗೆ ಬೆಂಕಿ ಬಿದ್ದ ದಿನ ಫೋನ್ ಮಾಡಬಹುದಾದವರು ಒಬ್ಬರಾದರೂ ಇದ್ದಾರಾ?